ಮೊದಲು ಏನು ಕಾಣಿಸಿತು?

(ಹಾಸನದಲ್ಲಿ ಫೋಟೋ ಹವ್ಯಾಸದ ಗೆಳೆಯರ ಮುಂದೆ ಆಡಿದ ಮಾತುಗಳಿವು. ಅವತ್ತು ತೆರೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲನೇ ಚಿತ್ರ ಶೆಟ್ಟಿಹಳ್ಳಿಯದು. ನಿಮಗೆಲ್ಲ ಗೊತ್ತಿರುವ ಜಾಗ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು, ಜನ ಬಿಟ್ಟು ಹೋದರು, ಗೋಡೆಗಳು ನಿಂತವು. ಒಳ್ಳೆ ಮಳೆಯಾದ ವರ್ಷ ಅರ್ಧ ಗೋಡೆ ನೀರಿನೊಳಗೆ. ಬೇಸಿಗೆಯಲ್ಲಿ ನಾವು ಅದೇ ನೆಲದ ಮೇಲೆ ನಡೆದಾಡುತ್ತೇವೆ.

ಈ ಚಿತ್ರ ತೆಗೆದ ದಿನ ನಾನು ನಾಲ್ಕು ಗಂಟೆಗೆ ಎದ್ದಿದ್ದೆ. ಬೈಕಿನಲ್ಲಿ ಕೈ ಮರಗಟ್ಟಿತ್ತು. ನೀರಿನ ಮೇಲೆ ಮಂಜು ತೇಲುತ್ತಿತ್ತು. ಎಲ್ಲೋ ಒಂದು ಮಿಂಚುಳ್ಳಿ ಕೂಗಿತು. ಸೂರ್ಯ ಬಂದ, ಕಮಾನಿನ ಒಳಗಡೆ ಕೆಂಪಾಯಿತು. ನಾನು ಕ್ಲಿಕ್ ಮಾಡಿದೆ. ಮನೆಗೆ ಬಂದು ನೋಡಿದರೆ ಅದೇ ಚಳಿ, ಅದೇ ಕೂಗು, ಎಲ್ಲ ಚಿತ್ರದಲ್ಲಿದೆ ಅನ್ನಿಸಿತು. ಅಕ್ಕನಿಗೆ ತೋರಿಸಿದೆ. "ಹೇಗಿದೆ ಅಕ್ಕ?" ಅಂದೆ. "ಚೆನ್ನಾಗಿದೆ ಕಣೋ" ಅಂದಳು.

ಆಮೇಲೆ ಪ್ರಿಂಟ್ ಹಾಕಿಸೋಕೆ ಸ್ಟುಡಿಯೋಗೆ ಹೋದೆ. ಅಲ್ಲಿಯ ಹಿರಿಯರು ಫಿಲ್ಮ್ ಕಾಲದಿಂದ ಕೆಲಸ ಮಾಡಿದವರು. ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದರು. "ಆ ಬಾಟ್ಲಿನ ಯಾಕಪ್ಪ ತೆಗೆದೆ?" ಅಂದರು.

ಯಾವ ಬಾಟ್ಲಿ? ಕೆಳಗಡೆ ಬಲ ಮೂಲೆಯಲ್ಲಿ, ಕೆಸರಿನಲ್ಲಿ, ಒಂದು ಪ್ಲಾಸ್ಟಿಕ್ ನೀರಿನ ಬಾಟ್ಲಿ. ಎಳೆಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಇಡೀ ಚಿತ್ರದಲ್ಲಿ ಅದಕ್ಕಿಂತ ಬೆಳ್ಳಗೆ ಹೊಳೆಯುವುದು ಬೇರೆ ಏನೂ ಇರಲಿಲ್ಲ. ಈಗ ನೋಡಿ, ನಿಮಗೂ ಅದೇ ಕಾಣುತ್ತದೆ. ನಾನು ಎರಡು ವಾರ ಆ ಚಿತ್ರವನ್ನು ದಿನಾ ನೋಡಿದ್ದೆ. ಒಂದು ದಿನವೂ ನನಗೆ ಬಾಟ್ಲಿ ಕಂಡಿರಲಿಲ್ಲ.

ಇವತ್ತು ನಾನು ಹೇಳೋಕೆ ಬಂದಿರುವುದು ಇಷ್ಟನ್ನೇ. ನಾವು ತೆಗೆದ ಚಿತ್ರ ನಮಗೆ ಕಾಣುವುದಿಲ್ಲ. ನಮಗೆ ಕಾಣುವುದು ಆ ಬೆಳಗು. ನೋಡುವವರಿಗೆ ಆ ಬೆಳಗು ಗೊತ್ತಿಲ್ಲ, ಚೌಕಟ್ಟು ಒಂದೇ ಗೊತ್ತು. ಹಾಗಾಗಿ ಅವರ ಕಣ್ಣನ್ನು ಸಾಲ ತರಬೇಕು. ತಂದ ಮೇಲೆ ಅದೇ ಜಾಗಕ್ಕೆ ವಾಪಸ್ ಹೋಗಬೇಕು. ಎರಡರಲ್ಲಿ ಒಂದು ಮಾಡಿ ಇನ್ನೊಂದು ಬಿಟ್ಟರೆ ಕೈ ಪಳಗುವುದಿಲ್ಲ.

ಸಕಲೇಶಪುರದ ಮಂಜರಾಬಾದ್ ಕೋಟೆಯ ಉದಾಹರಣೆ ಹೇಳುತ್ತೇನೆ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ನಾನು ಗೋಡೆಯ ಮೇಲೆ ನಿಂತು ತೆಗೆದ ಎಷ್ಟೋ ಚಿತ್ರಗಳು ನನಗೆ ಬಹಳ ಇಷ್ಟವಾಗಿದ್ದವು. ಯಾಕೆಂದರೆ ಅದು ನಕ್ಷತ್ರ ಅಂತ ನನ್ನ ತಲೆಯಲ್ಲಿತ್ತು. ದೂರದಿಂದ ಬಂದ ಒಬ್ಬ ನೆಂಟರಿಗೆ ತೋರಿಸಿದಾಗ, "ಯಾವುದೋ ಕಾಂಪೌಂಡ್ ಗೋಡೆ ಅಲ್ವಾ?" ಅಂದರು. ಅವರು ಹೇಳಿದ್ದು ಸರಿ. ನೆಲದ ಮೇಲೆ ನಿಂತರೆ ನಕ್ಷತ್ರ ಕಾಣುವುದಿಲ್ಲ. ನನಗೆ ಗೊತ್ತಿದ್ದದ್ದು ಚಿತ್ರದೊಳಗೆ ಇರಲಿಲ್ಲ. ಆಮೇಲೆ ನಾನು ಅಲ್ಲಿ ಹುಡುಕಿದ್ದು ಗೋಡೆ ಮಡಚಿಕೊಳ್ಳುವ ಮೂಲೆಗಳನ್ನು. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬಿದ್ದಾಗ ಆ ಚೂಪು ಗೊತ್ತಾಗುತ್ತದೆ. ಅಷ್ಟು ಮಟ್ಟಿಗೆ ನಕ್ಷತ್ರ ಚಿತ್ರಕ್ಕೆ ಬರುತ್ತದೆ.

ಹಾಗಾದರೆ ಅಭಿಪ್ರಾಯ ಕೇಳುವುದು ಹೇಗೆ? "ಹೇಗಿದೆ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ. ಚೆನ್ನಾಗಿದೆ. ಪ್ರೀತಿ ಇರುವವರು ಬೇರೆ ಏನು ಹೇಳಿಯಾರು? ಫೋನಿನಲ್ಲಿ ಬರುವ ಹೃದಯಗಳೂ ಹಾಗೆಯೇ. ಮುಳ್ಳಯ್ಯನಗಿರಿ, ಮಂಜು, ಸೂರ್ಯ ಮೂರೂ ಇದ್ದರೆ ಜನ ಮೆಚ್ಚುತ್ತಾರೆ. ಅದು ಗುಡ್ಡಕ್ಕೆ ಸಿಕ್ಕ ಮೆಚ್ಚುಗೆ. ನೀವು ಎಲ್ಲಿ ನಿಂತಿರಿ, ಏನು ಬಿಟ್ಟಿರಿ ಅನ್ನುವುದಕ್ಕೆ ಸಿಕ್ಕಿದ್ದಲ್ಲ.

ಹೀಗೆ ಕೇಳಿ ನೋಡಿ. ಮೊದಲು ಏನು ಕಾಣಿಸಿತು? ಆಮೇಲೆ ಕಣ್ಣು ಎಲ್ಲಿಗೆ ಹೋಯಿತು? ಕೊನೆಗೆ ಎಲ್ಲಿ ನಿಂತಿತು? ಇಷ್ಟು ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದು ತುಂಬಾ ಮುಖ್ಯ. "ಅಲ್ಲಿ ಹಿಂದೆ ಒಂದು ಫಾಲ್ಸ್ ಇತ್ತು, ಮಂಜಿನಲ್ಲಿ ಮುಚ್ಚಿಹೋಯಿತು" ಅಂತ ನೀವು ವಿವರಿಸಿದರೆ ಆ ಕಣ್ಣು ಕೆಟ್ಟಿತು. ಅದು ಇನ್ನು ನಿಮ್ಮ ಕಣ್ಣೇ. ಇನ್ನೊಮ್ಮೆ ಅದರಿಂದ ಕೆಲಸವಿಲ್ಲ.

ಯಾರನ್ನು ಕೇಳಬೇಕು? ಫೋಟೋ ತೆಗೆಯುವವರನ್ನೇ ಕೇಳಬೇಕು ಅಂತಿಲ್ಲ. ನಮ್ಮ ಅಮ್ಮ ಐವತ್ತು ವರ್ಷದಿಂದ ಬಾಗಿಲಿಗೆ ರಂಗೋಲಿ ಇಡುತ್ತಿದ್ದಾರೆ. ಒಂದು ಸಲ ಕೆರೆಯ ಚಿತ್ರ ತೋರಿಸಿದೆ. ಎಡಗಡೆ ಒಂದು ಮರ, ಬಲಗಡೆ ಬರೀ ನೀರು. ಅಮ್ಮ ನೋಡಿ, "ಈ ಕಡೆ ಯಾರಾದ್ರೂ ಬರಬೇಕಿತ್ತಾ?" ಅಂದರು. ಎಂಥ ಪ್ರಶ್ನೆ ನೋಡಿ. ಖಾಲಿ ಜಾಗ ತಪ್ಪಲ್ಲ, ಆದರೆ ಈ ಖಾಲಿ ಯಾರಿಗೋ ಕಾಯುತ್ತಿರುವ ಹಾಗಿದೆ ಅಂತ ಅವರಿಗೆ ಕಂಡಿತು. ಚುಕ್ಕಿ ಇಡುವಾಗ ಎಷ್ಟು ನೆಲ ಬಿಡಬೇಕು ಅಂತ ಗೊತ್ತಿರುವ ಕೈ ಅದು. ನಾನು ವಾಪಸ್ ಹೋಗಿ ಆ ಮರವನ್ನು ಇನ್ನೂ ಅಂಚಿಗೆ ತಳ್ಳಿ, ಕೊಂಬೆ ನೀರಿನ ಕಡೆ ಚಾಚಿರುವ ಬದಿಯಿಂದ ತೆಗೆದೆ. ಈಗ ಖಾಲಿ ಜಾಗ ಕೊಂಬೆಗೆ ಸೇರಿದ್ದು ಅನ್ನಿಸುತ್ತದೆ.

ಹೇಳಿದ್ದನ್ನೆಲ್ಲ ಮಾಡಬೇಕಾ? ಬೇಡ. ಒಬ್ಬರು ಹೇಳಿದರೆ ಅದು ಅವರ ರುಚಿ ಇರಬಹುದು. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂರು ಜನ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ. ಮತ್ತೆ, ಅವರಿಂದ ನೋವು ಎಲ್ಲಿ ಅಂತ ತಿಳಿದುಕೊಳ್ಳಿ, ಮದ್ದು ಅವರಿಂದ ತಗೋಬೇಡಿ. ಹೇಮಾವತಿ ಹಿನ್ನೀರಿನ ಒಂದು ಚಿತ್ರ ನನ್ನ ಹತ್ತಿರ ಇತ್ತು. ಮುಂದೆ ಒಂದು ಮೋಟು ಮರ, ಹಿಂದೆ ನೀರು, ಆಚೆ ದಡ. ಒಂದು ಸ್ಪರ್ಧೆಯ ತೀರ್ಪುಗಾರರು "ಆಕಾಶ ಜಾಸ್ತಿಯಾಯಿತು, ಕತ್ತರಿಸಿ" ಅಂದರು. ಕತ್ತರಿಸಿದೆ. ಚಿತ್ರ ಉಸಿರು ಕಟ್ಟಿದ ಹಾಗಾಯಿತು. ಇನ್ನಿಬ್ಬರಿಗೆ ತೋರಿಸಿದೆ. ಅವರೂ ಮೇಲ್ಭಾಗದಲ್ಲೇ ಏನೋ ಕಿರಿಕಿರಿ ಅಂದರು. ಮೂರು ತಿಂಗಳ ಮೇಲೆ ಗೊತ್ತಾಯಿತು, ಆಕಾಶದ ತಪ್ಪೇನೂ ಇರಲಿಲ್ಲ. ಮೋಟಿನ ತುದಿ ಸರಿಯಾಗಿ ಆಚೆ ದಡದ ಗೆರೆಗೆ ತಾಗಿಕೊಂಡಿತ್ತು. ಹತ್ತಿರದ್ದು ದೂರದ್ದು ಎರಡೂ ಅಂಟಿಕೊಂಡಿದ್ದವು. ಮತ್ತೆ ಹೋದೆ. ಪಕ್ಕದ ಮಣ್ಣಿನ ದಿಬ್ಬ ಹತ್ತಿದೆ, ಒಂದೂವರೆ ಅಡಿ ಎತ್ತರ ಅಷ್ಟೇ. ಅಲ್ಲಿಂದ ಮೋಟಿನ ತುದಿ ಗೆರೆಯಿಂದ ಕೆಳಗೆ ಇಳಿದು ನೀರಿನ ನಡುವೆ ನಿಂತಿತು. ಸುತ್ತ ನಾಲ್ಕೂ ಕಡೆ ಬೆಳ್ಳಿ ನೀರು. ಆಕಾಶ ಮೊದಲಿದ್ದಷ್ಟೇ ಇದೆ. ಈಗ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಇದನ್ನು ಅಭ್ಯಾಸ ಮಾಡಿಕೊಳ್ಳಿ. ಕ್ಯಾಮೆರಾ ಕಣ್ಣಿಗಿಟ್ಟ ಮೇಲೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ, ಒಮ್ಮೆ ಕಲ್ಲು ಹತ್ತಿ ನೋಡಿ. ಎತ್ತರ ಬದಲಾದರೆ ಹತ್ತಿರದ ವಸ್ತು ಹಿನ್ನೆಲೆಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಜೂಮ್ ತಿರುಗಿಸಿದರೆ ಹಾಗೆ ಆಗುವುದಿಲ್ಲ. ಅದಕ್ಕೆ ಕಾಲೇ ಬೇಕು.

ಮೂರರಲ್ಲಿ ಒಂದು ಭಾಗದ ನಿಯಮ ನೀವೆಲ್ಲ ಕೇಳಿದ್ದೀರಿ, ಚೌಕಟ್ಟನ್ನು ಮೂರು ಪಾಲು ಮಾಡಿ ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡಬೇಕು ಅನ್ನುವುದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಆ ಹೆಸರಿನಲ್ಲಿ ಬರೆದಿಟ್ಟದ್ದು 1797ರಲ್ಲಿ, ಕ್ಯಾಮೆರಾ ಬರುವುದಕ್ಕಿಂತ ಮುಂಚೆ. ಹೊಸಬರಿಗೆ ನಡು ಬಿಟ್ಟು ಆಚೆ ನೋಡೋಕೆ ಅದು ಸಹಾಯ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಅದರ ಹಿಂದೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ನಮ್ಮ ಕಡೆಯ ದೊಡ್ಡ ಕಷ್ಟ ಬೇರೆ ಇದೆ. ಹಸಿರು. ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಬೆಳಗಿಂದ ಮಧ್ಯಾಹ್ನದವರೆಗೆ ಚಿತ್ರ ತೆಗೆದಿದ್ದೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಕ್ಯಾಮೆರಾ ಪರದೆಯಲ್ಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಲ್ಲಾ ಒಂದೇ ಹಸಿರು ಸಾರ್, ಗಿಡ ಯಾವುದು ಬಳ್ಳಿ ಯಾವುದು ಗೊತ್ತಾಗಲ್ಲ" ಅಂದರು. ದಿನಾ ಆ ಗಿಡಗಳ ನಡುವೆ ಓಡಾಡುವವರಿಗೇ ಗೊತ್ತಾಗಲಿಲ್ಲ ಅಂದರೆ ಹೊರಗಿನವರಿಗೆ ಏನು ಗೊತ್ತಾದೀತು?

ಅಲ್ಲಿ ನಿಂತಾಗ ನಮಗೆ ಎರಡು ಕಣ್ಣು. ಯಾವುದು ಹತ್ತಿರ, ಯಾವುದು ದೂರ ಅಂತ ತಾನಾಗೇ ಗೊತ್ತಾಗುತ್ತದೆ. ಕ್ಯಾಮೆರಾಗೆ ಒಂದೇ ಕಣ್ಣು. ಅದಕ್ಕೆ ಹಸಿರಿನ ಮೇಲೆ ಹಸಿರು ಬರೀ ಹಸಿರು. ಬೇರ್ಪಡಿಸೋದು ಬೆಳಕಿನ ಕೆಲಸ. ಮಂಜು ಬಂದರೆ ಅದು ಪುಕ್ಕಟೆಯಾಗಿ ಸಿಗುತ್ತದೆ, ಹತ್ತಿರದ ಮರ ಕಪ್ಪು, ದೂರದ್ದು ಬೂದು. ಬೆಳಗ್ಗೆ ಎಂಟರೊಳಗೆ ಸೂರ್ಯನ ಕಡೆ ಮುಖ ಮಾಡಿ ನಿಂತರೆ ಎಲೆಗಳ ಅಂಚು ಬೆಳಗುತ್ತವೆ. ನಡುಹಗಲಿನಲ್ಲಿ ತೋಟದೊಳಗೆ ಹೋದರೆ ಮಾತ್ರ ಕಷ್ಟ. ನೆಲದ ಮೇಲೆಲ್ಲ ಚುಕ್ಕೆ ಬಿಸಿಲು, ಪ್ರತಿ ಚುಕ್ಕೆಯೂ ಒಂದು ಬಾಟ್ಲಿ. ಅದಕ್ಕಿಂತ ಮೋಡದ ದಿನ ಒಳ್ಳೆಯದು, ಮೇಲಿನ ಬಿಳಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಆಯಿತು. ಮಳೆ ನಿಂತ ಮೇಲೆ ಎಲೆಗಳು ಬೆಳ್ಳಗೆ ಹೊಳೆಯುತ್ತವೆ. ಲೆನ್ಸಿನ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಗಾಜು ಹಾಕಿ ತಿರುಗಿಸಿದರೆ ಆ ಹೊಳಪು ಹೋಗಿ ನಿಜವಾದ ಹಸಿರು ಬರುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳಿದಾಗ ಬಿಳಿ ಸಾಲುಗಳೇ ದಾರಿ ತೋರಿಸುತ್ತವೆ. ಆ ದಿನಗಳನ್ನು ಬಿಡಬೇಡಿ, ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಇನ್ನೊಂದು ಉಪಾಯ. ಫೋನನ್ನು ಕಪ್ಪು-ಬಿಳುಪಿಗೆ ಹಾಕಿ ಆ ದೃಶ್ಯವನ್ನು ನೋಡಿ. ಅದರಲ್ಲಿ ಮರ ಬೇರೆಯಾಗಿ ಕಂಡರೆ ಬಣ್ಣದಲ್ಲೂ ಕಾಣುತ್ತದೆ. ಎಲ್ಲ ಒಂದೇ ಬೂದಿಯಾದರೆ ಇನ್ನೊಂದು ಜಾಗ ಹುಡುಕಿ.

ಮುಳ್ಳಯ್ಯನಗಿರಿಗೆ ಬರೋಣ. 1930 ಮೀಟರ್, ನಮ್ಮ ರಾಜ್ಯದ ಅತಿ ಎತ್ತರದ ತುದಿ. ಮೇಲೆ ನಿಂತವರೆಲ್ಲ ಅಗಲವಾಗಿ ಹಿಡಿಯುವ ವೈಡ್ ಲೆನ್ಸ್ ತೆಗೆಯುತ್ತಾರೆ, ಫೋನಿನಲ್ಲೂ ಅದೇ. ಕಣ್ಣಿಗೆ ಅಷ್ಟು ದೊಡ್ಡದು ಕಂಡ ಸಾಲು ಚಿತ್ರದಲ್ಲಿ ಒಂದು ತೆಳ್ಳಗಿನ ಗೆರೆಯಾಗುತ್ತದೆ. ನನ್ನ ಮೊದಲ ಚಿತ್ರಗಳಿಗೆ ಬಂದ ಮಾತೂ ಇದೇ, "ಗುಡ್ಡ ಎಲ್ಲಿ?" ಅಂತ. ಈ ಬೆಟ್ಟಸಾಲು ಬಾಗಿದ ಚಂದ್ರನ ಹಾಗಿದೆ, ಚಂದ್ರದ್ರೋಣ ಅನ್ನುವುದು ಅದಕ್ಕೇ. ಆ ಬಾಗನ್ನು ಹಿಡಿಯಬೇಕು ಅಂದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಹಾಕಿ ಒಂದು ತುಂಡನ್ನು ಆರಿಸಿಕೊಳ್ಳಬೇಕು. ಜನವರಿ ಬೆಳಗಿನಲ್ಲಿ ಒಂದರ ಹಿಂದೆ ಒಂದು ಐದಾರು ಸಾಲು, ಹಿಂದೆ ಹೋದಷ್ಟೂ ತಿಳಿ. ತುದಿಗೇ ಹತ್ತಬೇಕು ಅಂತಿಲ್ಲ, ದಾರಿಯ ತಿರುವುಗಳಲ್ಲೇ ಒಳ್ಳೆ ಜಾಗಗಳಿವೆ. ಒಂದು ಮಾತು ಕೈಮುಗಿದು ಹೇಳುತ್ತೇನೆ. ಒಳ್ಳೆ ಮುನ್ನೆಲೆ ಬೇಕು ಅಂತ ಹುಲ್ಲಿನ ಇಳಿಜಾರಿಗೆ ಇಳಿಯಬೇಡಿ. ಹತ್ತು ಜನ ಇಳಿದರೆ ಅಲ್ಲಿ ಕಾಲುದಾರಿ ಬೀಳುತ್ತದೆ. ಮುಂದಿನ ಮಳೆಗೆ ಆ ದಾರಿಯಲ್ಲೇ ಮಣ್ಣು ಹರಿದು ಹೋಗುತ್ತದೆ.

ವಾಪಸ್ ಹೋಗುವುದು ಅಂದೆ. ಎಷ್ಟು ಸಲ? ಒಂದು ಜಾಗ ಆರಿಸಿಕೊಂಡು ಹನ್ನೆರಡು ತಿಂಗಳು ಹೋಗಿ. ಮನೆಗೆ ಹತ್ತಿರದ್ದೇ ಇರಲಿ, ಊರ ಕೆರೆ ಏರಿ ಆದರೂ ಸಾಕು. ಜೂನ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಒಟ್ಟು 48 ಡಿಗ್ರಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ, ಒಂದು ಮುಷ್ಟಿ ಹೆಚ್ಚು ಕಡಿಮೆ 10 ಡಿಗ್ರಿ. ಅಂದರೆ ಐದು ಮುಷ್ಟಿಯಷ್ಟು ಸೂರ್ಯ ಸರಿಯುತ್ತಾನೆ. ಡಿಸೆಂಬರಿನಲ್ಲಿ ಮರದ ಹಿಂದೆ ಹುಟ್ಟಿದವನು ಜೂನಿನಲ್ಲಿ ನಿಮ್ಮ ಚೌಕಟ್ಟಿನಲ್ಲೇ ಇರುವುದಿಲ್ಲ.

ಶ್ರವಣಬೆಳಗೊಳದಲ್ಲಿ ನಾನು ಇದನ್ನು ಕಲಿತೆ. ಡಿಸೆಂಬರ್ ರಜೆಯಲ್ಲಿ ತೆಗೆದ ಗೊಮ್ಮಟನ ಚಿತ್ರಕ್ಕೆ ಎಲ್ಲರೂ ಒಂದೇ ಮಾತು ಹೇಳಿದರು, "ಮುಖ ಮಂಕಾಗಿದೆ." ನಾನು ಕೋನ ಬದಲಿಸಿ ಬದಲಿಸಿ ಸೋತೆ. ಕಾರಣ ಕೋನದಲ್ಲಿ ಇರಲಿಲ್ಲ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟಿ ಮುಳುಗುವವರೆಗೂ ದಕ್ಷಿಣದ ಕಡೆಯೇ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಮ್ಮಲ್ಲಿ ಸೂರ್ಯ ನಡುಹಗಲಿನಲ್ಲೂ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಮೇ ತಿಂಗಳಲ್ಲಿ ಬೆಳಗ್ಗೆ ಹೋದೆ. ಈಶಾನ್ಯದಿಂದ ಬಂದ ಬಿಸಿಲು ಕೆನ್ನೆಯ ಮೇಲೆ ಓರೆಯಾಗಿ ಬಿದ್ದಿತ್ತು. 981ರಲ್ಲಿ ಆ ಮುಖ ಕಡೆದವರ ಕೈ ಎಷ್ಟು ಮೆತ್ತಗಿತ್ತು ಅಂತ ಆವತ್ತು ನನಗೆ ಕಂಡಿತು. ಕೆಲವು ತಪ್ಪಿಗೆ ಮದ್ದು ಲೆನ್ಸಿನಲ್ಲಿ ಸಿಗುವುದಿಲ್ಲ, ಪಂಚಾಂಗದಲ್ಲಿ ಸಿಗುತ್ತದೆ.

ಹೊಂಬಿಸಿಲು ಒಂದು ಗಂಟೆ ಇರುತ್ತದೆ ಅಂತ ಹೊರದೇಶದ ಪಾಠಗಳಲ್ಲಿ ಹೇಳುತ್ತಾರೆ. ಅವರ ಕಡೆ ಸೂರ್ಯ ಓರೆಯಾಗಿ ಏರುತ್ತಾನೆ, ಆ ಮಾತು ಅಲ್ಲಿಗೆ ಸರಿ. ನಮ್ಮಲ್ಲಿ ಅವನು ನೆಟ್ಟಗೆ ಏರುತ್ತಾನೆ. ಹೊಂಬಣ್ಣ ಕಳೆಯುವ ಎತ್ತರಕ್ಕೆ, ಅಂದರೆ ದಿಗಂತದಿಂದ ಆರು ಡಿಗ್ರಿ ಮೇಲೆ, ಬರೋಕೆ ಸುಮಾರು 25 ನಿಮಿಷ ಸಾಕು. ಅಷ್ಟರಲ್ಲಿ ಜಾಗ ಹುಡುಕೋಕೆ ಆಗುವುದಿಲ್ಲ. ಹಾಗಾಗಿ ಹಿಂದಿನ ದಿನ ಮಧ್ಯಾಹ್ನ, ಬೆಳಕು ಚೆನ್ನಾಗಿಲ್ಲದ ಹೊತ್ತಿನಲ್ಲಿ ಹೋಗಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಎಲ್ಲಿ ನಿಲ್ಲಬೇಕು, ನಾಲ್ಕು ಅಂಚಿನಲ್ಲಿ ಏನೇನು ಬರುತ್ತದೆ ಅಂತ ನೋಡಿಕೊಳ್ಳಿ. ಬಾಟ್ಲಿ ಇದ್ದರೆ ಆಗಲೇ ಎತ್ತಿ ಚೀಲಕ್ಕೆ ಹಾಕಿಕೊಳ್ಳಿ.

ಮನೆಗೆ ಬಂದ ಮೇಲಿನ ಅಭ್ಯಾಸವೂ ಇದೆ. ತೆಗೆದ ದಿನವೇ ಚಿತ್ರ ಆರಿಸಬೇಡಿ. ಒಂದು ವಾರ ಬಿಡಿ, ಆ ಚಳಿ ಸ್ವಲ್ಪ ಮರೆಯಲಿ. ಆಮೇಲೆ ತಲೆಕೆಳಗು ಮಾಡಿ ನೋಡಿ. ಚರ್ಚು ಚರ್ಚಾಗಿ ಕಾಣುವುದು ನಿಂತು ಬರೀ ಕಪ್ಪು ಬಿಳಿ ತುಂಡುಗಳಾಗುತ್ತದೆ, ಭಾರ ಯಾವ ಕಡೆ ಅಂತ ಗೊತ್ತಾಗುತ್ತದೆ. ಮೆಚ್ಚಿದ್ದನ್ನು ಸಣ್ಣ ಪ್ರಿಂಟ್ ಹಾಕಿಸಿ ಅಡುಗೆಮನೆ ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಎರಡು ವಾರ ತಡೆದು ನಿಲ್ಲುವ ಚಿತ್ರ ಹತ್ತರಲ್ಲಿ ಒಂದು.

ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಒಂದು ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ತೆಗೆದರು. ಬೆಳಕು ಹೋಗುವ ಮುಂಚೆ ಸಿಕ್ಕಿದ್ದು ಒಂದೇ ನೆಗೆಟಿವ್. ಅದರಿಂದ ದಶಕಗಳ ಕಾಲ ಪ್ರಿಂಟ್ ಮಾಡುತ್ತಲೇ ಇದ್ದರು. ಮೊದಮೊದಲಿನವುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡದ ಎಳೆಗಳು ಕಾಣುತ್ತವೆ. ಬರಬರುತ್ತಾ ಆಕಾಶ ಕಪ್ಪಾಗುತ್ತಾ ಹೋಯಿತು. ಅಷ್ಟು ಹೆಸರು ಮಾಡಿದ ಚಿತ್ರವನ್ನೂ ಅವರು ಮುಗಿಯಿತು ಅಂತ ಬಿಡಲಿಲ್ಲ.

ನಮ್ಮ ರಾಜ್ಯದಲ್ಲೂ ಕೂತು ಚಿತ್ರ ನೋಡುವ ಪದ್ಧತಿ ಹಳೆಯದೇ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಕಾಡಿನ ಚಿತ್ರಗಳಿಗೆ ಹೆಸರಾದ ಟಿ.ಎನ್.ಎ. ಪೆರುಮಾಳ್ ಅವರು ಎಷ್ಟೋ ಕಿರಿಯರನ್ನು ತಿದ್ದಿ ಬೆಳೆಸಿದರು. ಸ್ಪರ್ಧೆಯಲ್ಲಿ ಸಿಗುವ ಅಂಕ ಯಾಕೆ ಕಡಿಮೆ ಬಂತು ಅಂತ ಹೇಳುವುದಿಲ್ಲ. ಹೀಗೆ ಒಂದು ಕೋಣೆಯಲ್ಲಿ ಕೂತು ಮಾತಾಡಿದರೆ ತಿಳಿಯುತ್ತದೆ. ಬೇರೆಯವರ ಚಿತ್ರದಲ್ಲಿ ಬಾಟ್ಲಿ ಹುಡುಕಿ ಹುಡುಕಿ ನಮ್ಮ ಕಣ್ಣೂ ಹರಿತವಾಗುತ್ತದೆ.

ಈಗ ಕೊನೇ ಚಿತ್ರ. ಮತ್ತೆ ಶೆಟ್ಟಿಹಳ್ಳಿ, ಕಳೆದ ಮಳೆಗಾಲದ್ದು. ಇದಕ್ಕಾಗಿ ನಾಲ್ಕು ಸಲ ಹೋಗಿದ್ದೇನೆ, ಇನ್ನೂ ನನಗೆ ಸಮಾಧಾನವಿಲ್ಲ. ಎಲ್ಲಿ ತಪ್ಪಿದೆ ಅಂತ ತಿಳಿಯುತ್ತಿಲ್ಲ. ಲೈಟ್ ಆರಿಸಿ. ಹಿಂದಿನ ಸಾಲಿನಿಂದ ಶುರು ಮಾಡೋಣ. ಮೊದಲು ಏನು ಕಾಣಿಸಿತು?

(ಸಭೆಯಲ್ಲಿ ಹತ್ತು ಹನ್ನೆರಡು ಜನ ಹೇಳಿದರು. ಬಹಳ ಜನರಿಗೆ ಕಮಾನು, ಕೆಲವರಿಗೆ ನೀರಿನಲ್ಲಿ ಅದರ ನೆರಳು. ಎಡ ಅಂಚಿನ ಹತ್ತಿರ ಒಂದು ತೆಪ್ಪ ಇದೆ, ಇಡೀ ಚಿತ್ರ ಅದರ ಮೇಲೇ ನಿಂತಿದೆ ಅಂತ ನಾನು ಅಂದುಕೊಂಡಿದ್ದೆ. ಯಾರೂ ಅದರ ಮಾತೆತ್ತಲಿಲ್ಲ. ತಡೆಯಲಾಗದೆ ನಾನೇ "ತೆಪ್ಪ?" ಅಂದೆ. ಕಾಲೇಜಿನ ಒಬ್ಬ ಹುಡುಗಿ ಎದ್ದು ನಿಂತಳು. "ನೀವು ಹೇಳಿದ ಮೇಲೆ ಕಾಣಿಸ್ತು ಸರ್. ಮುಂಚೆ ಅದು ಕಲ್ಲು ಅಂದ್ಕೊಂಡಿದ್ದೆ" ಅಂದಳು. ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಈ ಸಲ ನೀರು ಗೋಡೆ ಮುಟ್ಟಿದಾಗ ತೆಪ್ಪದವರನ್ನು ಕೇಳಿಕೊಂಡು ಅದನ್ನು ಇನ್ನೂ ಇಪ್ಪತ್ತು ಅಡಿ ಈಚೆಗೆ, ಬಿಳಿ ನೀರಿನ ನಡುವೆ ತರಿಸಬೇಕು.)